ಎದೆಯ ಮೇಲಣ ಬಿಲ್ಲೆ

ಬಿಲ್ಲೆ ಎಂದೊಡನೆ ನಮ್ಮ ಹಿರಿಯರ ಕಣ್ಣಮುಂದೆ ನಿಲ್ಲುತ್ತಿದ್ದುದು ಕಚೇರಿಯ ಜವಾನನ ಡವಾಲಿ. ಎದೆಗೆ ಅಡ್ಡಲಾಗಿ ಇಳಿದ ಪಟ್ಟಿ, ಅದರ ಮೇಲೆ ಉಜ್ಜಿ ಬೆಳಗಿದ ಹಿತ್ತಾಳೆಯ ಬಿಲ್ಲೆ. ಆ ಹಿತ್ತಾಳೆಯನ್ನು ತಕ್ಕಡಿಗೆ ಹಾಕಿದರೆ ಬರುವ ಹಣವೆಷ್ಟು? ಆದರೂ ಅದನ್ನು ಕಂಡ ರೈತನು ತಟ್ಟನೆ ಎದ್ದು ನಿಲ್ಲುತ್ತಿದ್ದನು. ಬಿಲ್ಲೆಯ ಬೆಲೆಯಿರುವುದು ಅದರ ಹಿಂದೆ ನಿಂತ ಸಂಸ್ಥೆಯಲ್ಲಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಶಾಲೆಗಳಲ್ಲಿ ತರಗತಿಯ ನಾಯಕನ ಅಂಗಿಗೆ ಚುಚ್ಚುವ ಬಿಲ್ಲೆಯ ಸಂಗತಿಯೂ ಇದೇ ಅಲ್ಲವೇ?

ಈಚೆಗೆ ಇಂತಹ ಒಂದು ಬಿಲ್ಲೆಯ ವಿಚಾರವು ನಮ್ಮ ಬಳಿಗೆ ಬಂದಿತು. ನಮ್ಮ ಕಾಸರಗೋಡು ಸೀಮೆಯ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳಲ್ಲಿ ಅನೇಕರು ಮುಂದಣ ವಿದ್ಯೆಗಾಗಿ ಮಂಗಳೂರಿಗೆ ಹೋಗುವರು. 1956ರಲ್ಲಿ ರಾಜ್ಯದ ಗಡಿಯು ನಡುವೆ ಬಂದಿತಾದರೂ ಈ ಹೋಗಿಬರುವ ನಂಟು ಕಡಿಯಲಿಲ್ಲ. ಹಾಗೆ ಹೋದವರಲ್ಲಿ ನರ್ಸಿಂಗ್ ಕಲಿಯುವವರೂ ಉಂಟು. ನಮ್ಮಲ್ಲಿ ಮೂರನೆಯ ತರಗತಿಯಲ್ಲಿ ಮಗ್ಗಿ ಒಪ್ಪಿಸಿದ ಒಬ್ಬಳು ಅಲ್ಲಿನ ಒಂದು ಶುಶ್ರೂಷಾ ವಿದ್ಯಾಲಯದಲ್ಲಿ ಕೊನೆಯ ವರ್ಷದ ತರಗತಿಯ ಪ್ರತಿನಿಧಿಯಾಗಿದ್ದಳು. ದಸರಾ ರಜೆಯಲ್ಲಿ ಇಬ್ಬರು ಸಹಪಾಠಿನಿಯರೊಡನೆ ನಮ್ಮ ಮನೆಗೆ ಬಂದು, ಚೀಲದಿಂದ ಮೂರು ದರಪಟ್ಟಿಗಳನ್ನೂ ಕೆಲವು ಮಾದರಿಯ ಬಿಲ್ಲೆಗಳನ್ನೂ ತೆಗೆದು ಮೇಜಿನ ಮೇಲಿಟ್ಟಳು.

"ಮಾಷ್ಟ್ರೇ, ನಮ್ಮದು ನಲವತ್ತು ಜನರ ಕ್ಲಾಸು. ಪದವಿ ಪಡೆಯುವ ದಿವಸ ಎಲ್ಲರಿಗೂ ಒಂದೊಂದು ಬ್ಯಾಡ್ಜು ಆಗಬೇಕು. ಯಾವುದನ್ನು ಆರಿಸಿದರೆ ಎಲ್ಲರಿಂದಲೂ ಹಣ ಕೊಡಲಿಕ್ಕೆ ಆದೀತು? ನೀವು ಒಮ್ಮೆ ಲೆಕ್ಕ ಹಾಕಿ ಹೇಳಬೇಕು" ಎಂದಳು.

ಹಿಂದೆ ಲೆಕ್ಕ ಕಲಿತವರು ದೊಡ್ಡವರಾದ ಮೇಲೆಯೂ ಲೆಕ್ಕ ಕೇಳಿಕೊಂಡು ಬರುವುದು ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಸಂತೋಷದ ವಿಷಯವೇ. ಆದರೆ ಯಾವ ಲೆಕ್ಕಕ್ಕೂ ತೊಡಗುವ ಮುನ್ನ ವಸ್ತುವೇನೆಂದು ತಿಳಿಯಬೇಕು. ಆದುದರಿಂದ ಈ ಬಿಲ್ಲೆಯ ಪೂರ್ವಕಥೆಯನ್ನು ಮೊದಲು ಅವರೊಡನೆ ಕುಳಿತು ನೆನೆದೆವು. ಅದನ್ನು ವಾಚಕರಿಗೂ ಸಂಕ್ಷೇಪವಾಗಿ ತಿಳಿಸುವುದು ಉಚಿತವೆಂದು ತೋರುತ್ತದೆ.

ಶುಶ್ರೂಷೆಯ ಬಿಲ್ಲೆಯ ಮೂಲವನ್ನು ಅರಸುವವರು ಜೆರುಸಲೇಮಿನ ಸಂತ ಯೋಹಾನನ ಸಂಘದವರೆಗೆ ಹಿಂದಕ್ಕೆ ಹೋಗುವರು. 1113ರಲ್ಲಿ ಪೋಪರ ಮನ್ನಣೆಯನ್ನು ಪಡೆದ ಈ ಸಂಘದವರು ದೂರದಿಂದ ಬಂದು ಕಾಯಿಲೆ ಬಿದ್ದ ಯಾತ್ರಿಕರನ್ನು ತಮ್ಮ ಆಸ್ಪತ್ರೆಯಲ್ಲಿ ಆರೈಕೆ ಮಾಡುತ್ತಿದ್ದರು. ಕಪ್ಪು ನಿಲುವಂಗಿ, ಅದರ ಮೇಲೆ ಬಿಳಿಯ ಶಿಲುಬೆ, ಇದು ಅವರ ಗುರುತು. ಎಂಟು ಮೊನೆಗಳ ಆ ಶಿಲುಬೆಗೆ ಮುಂದೆ ಮಾಲ್ಟಾ ಶಿಲುಬೆ ಎಂಬ ಹೆಸರಾಯಿತು. ಇಂದಿಗೂ ಎಷ್ಟೋ ನರ್ಸಿಂಗ್ ಶಾಲೆಗಳ ಬಿಲ್ಲೆಗಳಲ್ಲಿ ಆ ಆಕಾರವು ಕಾಣುವುದು.

ಅಲ್ಲಿಂದ ನೇರವಾಗಿ ಹತ್ತೊಂಬತ್ತನೆಯ ಶತಮಾನಕ್ಕೆ ಬರೋಣ. ಫ್ಲಾರೆನ್ಸ್ ನೈಟಿಂಗೇಲಳು 1854ರ ನವೆಂಬರಿನಲ್ಲಿ 38 ಮಂದಿ ಸ್ತ್ರೀಯರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕರ ಆಸ್ಪತ್ರೆಯನ್ನು ತಲಪಿದ ಸಂಗತಿಯನ್ನು ನಾವೆಲ್ಲರೂ ಪಾಠದಲ್ಲಿ ಓದಿರುವೆವು. 1855ರಲ್ಲಿ ವಿಕ್ಟೋರಿಯಾ ರಾಣಿಯು ಅವಳಿಗೆ ಎದೆಗೆ ಧರಿಸುವ ಒಂದು ಆಭರಣವನ್ನು ಮೆಚ್ಚುಗೆಯಾಗಿ ಕಳುಹಿಸಿದಳು. ಅದರ ಚಿತ್ತಾರವನ್ನು ಯೋಜಿಸಿದವನು ರಾಣಿಯ ಪತಿಯಾದ ಆಲ್ಬರ್ಟನು. ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆ, ಅದರ ಮೇಲೆ ವಜ್ರ ಕೆತ್ತಿದ ಕಿರೀಟ. ಈಗ ಅದು ಲಂಡನ್ನಿನ ಸೈನ್ಯ ವಸ್ತುಸಂಗ್ರಹಾಲಯಕ್ಕೆ ಸೇರಿದ ಸ್ವತ್ತು. ಅದು ಒಬ್ಬ ರಾಣಿಯು ಒಬ್ಬ ಸ್ತ್ರೀಗೆ ಕೊಟ್ಟ ಒಡವೆಯೇ ಹೊರತು ಒಂದು ತರಗತಿಯ ಬಿಲ್ಲೆಯಲ್ಲ. ನೈಟಿಂಗೇಲಳ ಹೆಸರಿನ ಶುಶ್ರೂಷಾ ಶಾಲೆಯು ಲಂಡನ್ನಿನ ಸಂತ ತೋಮಾಸನ ಆಸ್ಪತ್ರೆಯಲ್ಲಿ ಆರಂಭವಾದುದು 1860ರ ಜುಲೈ 9ರಂದು.

ಶಾಲೆಯ ಬಿಲ್ಲೆಯ ಕಥೆಯನ್ನು ಸಾಮಾನ್ಯವಾಗಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಿಂದ ತೊಡಗಿಸುವರು. ಅಲ್ಲಿಯ ಶುಶ್ರೂಷಾ ಶಾಲೆಯು 1873ರಲ್ಲಿ ಆರಂಭವಾಯಿತು. ಕಲಿತು ಮುಗಿಸಿದವರಿಗೆ 1880ರಲ್ಲಿ ಒಂದು ಬಿಲ್ಲೆಯನ್ನು ಕೊಟ್ಟರು. ಅದರ ನಡುವೆ ಒಂದು ಕ್ರೌಂಚಪಕ್ಷಿ, ಅದು ಎಚ್ಚರದ ಗುರುತು. ಅದರ ಸುತ್ತ ನೀಲಿಯ ವೃತ್ತ, ಅದು ನಿಷ್ಠೆಯ ಗುರುತು. ಹೊರಗೆ ಗಸಗಸೆಯ ಕಾಯಿಗಳ ಮಾಲೆ. ಗಸಗಸೆಯ ಪಾಯಸವನ್ನು ಉಂಡ ಮಕ್ಕಳಿಗೆ ಇದೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಸಿಯ ಕಾಯಿಯ ಹಾಲಿನಿಂದ ಅಫೀಮು ಬರುವುದು. ನೋವನ್ನು ಅಡಗಿಸುವ ಮಾರ್ಫಿನ್ ಅಫೀಮಿನಿಂದ ಬರುವುದು. ಆದುದರಿಂದ ಆ ಮಾಲೆಯು ಕರುಣೆಯ ಗುರುತು. ಅಮೆರಿಕದಲ್ಲಿ ಈ ಪದ್ಧತಿಯು ಬೇರೂರಿ, ತರಗತಿ ಮುಗಿದ ದಿನ ಬಿಲ್ಲೆ ಚುಚ್ಚುವುದೇ ಒಂದು ಸಮಾರಂಭವಾಯಿತು. ಕೆಲವು ಶಾಲೆಗಳಲ್ಲಿ ತಾಯಿಯೋ ತಂದೆಯೋ ವೇದಿಕೆಗೆ ಬಂದು ಅದನ್ನು ಚುಚ್ಚುವುದುಂಟು.

ಆ ಕಾಲದಲ್ಲಿ ಬಿಲ್ಲೆಗೆ ಇನ್ನೊಂದು ಕೆಲಸವೂ ಇದ್ದಿತು. ಯಾರು ಬೇಕಾದರೂ ತಾನು ನರ್ಸೆಂದು ಹೇಳಿಕೊಳ್ಳಬಹುದಾಗಿದ್ದ ದಿನಗಳವು. ಕಲಿತವಳು ಯಾರು, ಕಲಿಯದವಳು ಯಾರು ಎಂದು ರೋಗಿಯ ಮನೆಯವರಿಗೆ ತಿಳಿಯಬೇಕಾದರೆ ಶಾಲೆಯ ಬಿಲ್ಲೆಯೇ ಗುರುತು. ಕ್ರಮೇಣ ಸರಕಾರಗಳು ನರ್ಸುಗಳ ಹೆಸರುಗಳನ್ನು ಪಟ್ಟಿಯಲ್ಲಿ ದಾಖಲು ಮಾಡತೊಡಗಿದವು. 1901ರಲ್ಲಿ ನ್ಯೂಜಿಲೆಂಡಿನಲ್ಲಿ, 1919ರಲ್ಲಿ ಬ್ರಿಟನ್ನಿನಲ್ಲಿ, 1926ರಲ್ಲಿ ಮದರಾಸು ಪ್ರಾಂತದಲ್ಲಿ ಇದಕ್ಕಾಗಿ ಕಾನೂನುಗಳಾದವು. ನಮ್ಮ ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಮದರಾಸಿಗೇ ಸೇರಿದ್ದಿತು. 1947ರಲ್ಲಿ ಭಾರತಕ್ಕೆಲ್ಲ ಅನ್ವಯಿಸುವ ಶುಶ್ರೂಷಾ ಪರಿಷತ್ತಿನ ಕಾನೂನು ಬಂದಿತು. ಆದುದರಿಂದ ಇಂದು ಒಬ್ಬಳಿಗೆ ನರ್ಸಿನ ಅಧಿಕಾರವನ್ನು ಕೊಡುವುದು ರಾಜ್ಯ ಪರಿಷತ್ತಿನ ದಾಖಲೆಯ ಸಂಖ್ಯೆ, ಬಿಲ್ಲೆಯಲ್ಲ.

ಈ ಮಾತನ್ನು ಕೇಳಿ ಪ್ರತಿನಿಧಿಯು, "ಹಾಗಾದರೆ ಬ್ಯಾಡ್ಜೇ ಬೇಡವೆಂದು ಹೇಳುತ್ತೀರಾ?" ಎಂದು ಕೇಳಿದಳು. ಬೇಡವೆಂದು ನಾವು ಹೇಳಲಿಲ್ಲ. ನಲವತ್ತು ಮಂದಿ ಜೊತೆಯಾಗಿ ರಾತ್ರಿಯ ಪಾಳಿ ಮಾಡಿದ್ದಾರೆ. ಜೊತೆಯಾಗಿ ಮೊದಲ ಸಾವನ್ನು ಕಂಡಿದ್ದಾರೆ. ಅದಕ್ಕೆ ಒಂದು ಗುರುತು ಇರಬೇಕೆಂಬ ಆಸೆಯು ಸಹಜವಾದುದು. ಆದರೆ ಸಾಲ ಮಾಡಿ ಕೊಳ್ಳಬೇಕಾದ ವಸ್ತು ಅದಲ್ಲ ಎಂಬುದಷ್ಟೇ ಇಷ್ಟರಿಂದ ತಿಳಿಯುವುದು.

ಇನ್ನು ದರಪಟ್ಟಿಗಳು. ಮೊದಲನೆಯದರಲ್ಲಿ ಒಂದೇ ಚಿತ್ತಾರದ ಬಿಲ್ಲೆಯು ಮೂರು ಬಗೆಯಲ್ಲಿ ದೊರೆಯುತ್ತಿತ್ತು: ಹಿತ್ತಾಳೆಯ ಮೇಲೆ ಚಿನ್ನದ ಗಿಲೀಟು, ಬೆಳ್ಳಿ, ಬೆಳ್ಳಿಯ ಮೇಲೆ ಚಿನ್ನದ ಗಿಲೀಟು. ಅವರವರ ಅನುಕೂಲದಂತೆ ಅವರವರು ಆರಿಸಬಹುದೆಂದು ವ್ಯಾಪಾರಿಯು ಬರೆದಿದ್ದನು. ಅಮೆರಿಕದಲ್ಲಿಯೂ ಇದೇ ರೂಢಿ. ಅಲ್ಲಿ ಹತ್ತು ಕ್ಯಾರಟ್ಟಿನ ಚಿನ್ನದ ಬಿಲ್ಲೆಯಿಂದ ಬರಿಯ ಗಿಲೀಟಿನ ಬಿಲ್ಲೆಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬೆಲೆಗಳಿರುವುವು. ಇಪ್ಪತ್ತನಾಲ್ಕು ಕ್ಯಾರಟ್ಟು ಎಂದರೆ ಶುದ್ಧ ಚಿನ್ನ. ಹತ್ತು ಕ್ಯಾರಟ್ಟು ಎಂದರೆ ಇಪ್ಪತ್ತನಾಲ್ಕು ಪಾಲಿನಲ್ಲಿ ಹತ್ತು ಪಾಲು ಚಿನ್ನ, ಎಂದರೆ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಬಳೆಗಳ ಮೇಲೆ ಕಾಣುವ 916 ಎಂಬ ಅಂಕವು ಇಪ್ಪತ್ತೆರಡನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದಾಗ ಬರುವುದೆಂದು ಏಳನೆಯ ತರಗತಿಯ ಮಕ್ಕಳು ಭಾಗಿಸಿ ನೋಡಬಹುದು. ಗಿಲೀಟಿನಲ್ಲಿಯಾದರೋ ಚಿನ್ನವು ತೆಳ್ಳನೆಯ ಒಂದು ಪೊರೆ ಮಾತ್ರ.

ಅವರವರು ಆರಿಸಲಿ ಎಂಬುದು ಕೇಳುವುದಕ್ಕೆ ಉದಾರವಾದ ಮಾತು. ಆದರೆ ನಲವತ್ತು ಮಂದಿ ವೇದಿಕೆಯ ಮೇಲೆ ಸಾಲಾಗಿ ನಿಂತಾಗ ಆಗುವುದೇನು? ಮೂರು ವರ್ಷ ಒಂದೇ ಸಮವಸ್ತ್ರವನ್ನು ಧರಿಸಿದವರು ಕೊನೆಯ ದಿನ ಮೂರು ಲೋಹಗಳಾಗಿ ಒಡೆದು ನಿಲ್ಲುವರು. ಬೆಳ್ಳಿಯ ಹೊಳಪಿಗೂ ಗಿಲೀಟಿನ ಹೊಳಪಿಗೂ ಇರುವ ಅಂತರವು ಸಭೆಯವರಿಗೆ ಕಾಣದೆ ಹೋಗಬಹುದು. ಪಕ್ಕದಲ್ಲಿ ನಿಂತವಳಿಗೆ ಕಂಡೇ ಕಾಣುವುದು. ಒಂದು ತರಗತಿಗೆ ಒಂದೇ ಲೋಹವೆಂಬುದು ನಮ್ಮ ಮೊದಲ ಸೂಚನೆಯಾಯಿತು.

ಅಷ್ಟರಲ್ಲಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಅದುವರೆಗೆ ಮಾತಾಡದೆ ಕುಳಿತಿದ್ದ ಮೂರನೆಯವಳು ಮೆಲ್ಲನೆ ನುಡಿದಳು: "ಮಾಷ್ಟ್ರೇ, ಲೆಕ್ಕವನ್ನು ಮೂವತ್ತೊಂಬತ್ತಕ್ಕೆ ಹಾಕಿದರೆ ಸಾಕು. ಆ ದಿವಸ ನಮ್ಮ ಊರಲ್ಲಿ ಒಂದು ಮದುವೆ ಉಂಟು. ನಾನು ಬರುವುದು ಸಂಶಯ."

"ದಿವಸವೇ ಇನ್ನೂ ನಿಶ್ಚಯ ಆಗಲಿಲ್ಲವಲ್ಲ!" ಎಂದು ಪ್ರತಿನಿಧಿಯು ಹೇಳಿ, ಹೇಳಿದ ಮೇಲೆ ತಾನೇ ಸುಮ್ಮನಾದಳು. ಆ ಹುಡುಗಿಯ ತಾಯಿ ಬೀಡಿ ಕಟ್ಟಿ ಮನೆ ನಡೆಸುವವರೆಂದೂ, ಕೊನೆಯ ವರ್ಷದ ಶುಲ್ಕವೇ ಇನ್ನೂ ಬಾಕಿಯಿರುವುದೆಂದೂ ನಮಗೆ ತಿಳಿದುದು ಆಮೇಲೆ. ಆ ಹೊತ್ತಿಗೆ ನಾವು ಏನನ್ನೂ ಕೇಳಲಿಲ್ಲ. ಕಾಗದದ ಮೇಲೆ ನಲವತ್ತು ಎಂದೇ ಬರೆದು ಲೆಕ್ಕವನ್ನು ಮುಂದುವರಿಸಿದೆವು.

ಬಿಲ್ಲೆಯ ಬೆಲೆಯಲ್ಲಿ ಎರಡು ಅಂಗಗಳುಂಟು. ನಾಣ್ಯವನ್ನು ಒತ್ತುವಂತೆ ಇದನ್ನೂ ಉಕ್ಕಿನ ಅಚ್ಚಿನಿಂದ ಒತ್ತುವರು. ಆ ಅಚ್ಚನ್ನು ಕೊರೆಯುವ ಖರ್ಚು ಒಂದೇ ಸಲದ್ದು. ಹತ್ತು ಬಿಲ್ಲೆ ಒತ್ತಿದರೂ ಅಷ್ಟೇ, ಸಾವಿರ ಒತ್ತಿದರೂ ಅಷ್ಟೇ. ಲೋಹ, ಬಣ್ಣ, ಗಿಲೀಟು, ಹಿಂದಣ ಸೂಜಿ ಇವುಗಳ ಖರ್ಚಾದರೋ ಬಿಲ್ಲೆಯೊಂದಕ್ಕೆ ಇಷ್ಟೆಂದು ಬೀಳುವುದು. ಲೆಕ್ಕದ ಸುಲಭಕ್ಕಾಗಿ ಅಚ್ಚಿಗೆ 2,000 ರೂಪಾಯಿ, ಬಿಲ್ಲೆಯೊಂದಕ್ಕೆ 60 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ಪೇಟೆಯ ದರವಲ್ಲ, ಹಲಗೆಯ ಮೇಲಣ ಲೆಕ್ಕ. ನಲವತ್ತು ಬಿಲ್ಲೆಗಳಾದರೆ ಅಚ್ಚಿನ ಪಾಲು ತಲೆಗೆ 50 ರೂಪಾಯಿ, ಒಟ್ಟು 110. ಅದೇ ಅಚ್ಚಿನಲ್ಲಿ ಮೂರು ವರ್ಷಗಳ ತರಗತಿಗಳಿಗೆ 120 ಬಿಲ್ಲೆಗಳನ್ನು ಒತ್ತಿಸಿದರೆ ಅಚ್ಚಿನ ಪಾಲು 17 ರೂಪಾಯಿಗೂ ಕಡಿಮೆ. ಒಟ್ಟು 77ರ ಒಳಗೆ.

ಇದಕ್ಕೆ ಅಡ್ಡಿಯಾಗಿದ್ದುದು ಯಾವುದು? ಬಿಲ್ಲೆಯ ಕೆಳಗೆ ಕೊರೆಯಬೇಕೆಂದಿದ್ದ ಇಸವಿ. ಇಸವಿಯನ್ನು ಅಚ್ಚಿನಲ್ಲಿ ಕೊರೆದರೆ ಆ ಅಚ್ಚು ಒಂದೇ ವರ್ಷಕ್ಕೆ ಸಾಯುವುದು. ಅದನ್ನು ಬಿಟ್ಟರೆ ಹಿಂದಿನವರೂ ಮುಂದಿನವರೂ ಅದೇ ಬಿಲ್ಲೆಯನ್ನು ಧರಿಸಬಹುದು. ಬೇಕಾದವರು ಬೆನ್ನ ಮೇಲೆ ಇಸವಿಯನ್ನು ಗೀರಿಸಿಕೊಳ್ಳಲಿ. ಈ ಪದ್ಧತಿಯ ಆಶಯಕ್ಕೂ ಇದು ಹೊಂದುವುದು. ಬೆಲ್‌ವ್ಯೂವಿನ ಕ್ರೌಂಚಪಕ್ಷಿಯು ಶಾಲೆಯ ಗುರುತಾಗಿದ್ದಿತು, ಒಂದು ವರ್ಷದ ಗುರುತಲ್ಲ. ಐವತ್ತರ ವಯಸ್ಸಿನವಳೂ ಇಪ್ಪತ್ತರ ವಯಸ್ಸಿನವಳೂ ಒಂದೇ ಬಿಲ್ಲೆಯಿಂದ ಒಬ್ಬರನ್ನೊಬ್ಬರು ಗುರುತಿಸುವುದರಲ್ಲಿಯೇ ಅದರ ಸಾರ್ಥಕ್ಯವಿದೆ.

ಎರಡನೆಯ ದರಪಟ್ಟಿಯು ಸಿದ್ಧವಾಗಿ ದೊರೆಯುವ ಬಿಲ್ಲೆಗಳದು. ಅಚ್ಚಿನ ಖರ್ಚಿಲ್ಲದ ಕಾರಣ ಅವು ಎಲ್ಲಕ್ಕಿಂತಲೂ ಅಗ್ಗ. ಆದರೆ ಮಾದರಿಗಳಲ್ಲಿ ಒಂದರ ಮೇಲೆ ಕೆಂಪು ಶಿಲುಬೆಯಿದ್ದಿತು. ಯುದ್ಧದಲ್ಲಿ ಗಾಯಾಳುಗಳ ರಕ್ಷಣೆಗೆಂದು ಜಿನೀವಾ ಒಪ್ಪಂದದಿಂದ ಮೀಸಲಾದ ಗುರುತು ಅದು. ಕೇಂದ್ರ ಸರಕಾರದ ಅನುಮತಿಯಿಲ್ಲದೆ ಅದನ್ನು ಬಳಸಬಾರದೆಂದು 1960ರ ನಮ್ಮ ಕಾನೂನು ಹೇಳುವುದು. ಇನ್ನೊಂದರ ಮೇಲೆ ರೆಕ್ಕೆಯ ಕೋಲಿಗೆ ಎರಡು ಹಾವುಗಳು ಸುತ್ತಿಕೊಂಡಿದ್ದವು. ಅದು ಗ್ರೀಕರ ದೇವದೂತನಾದ ಹರ್ಮಿಸನ ಕೋಲು. ವ್ಯಾಪಾರಿಗಳಿಗೂ ಅವನೇ ದೇವತೆ. 1902ರಲ್ಲಿ ಅಮೆರಿಕದ ಸೇನೆಯ ವೈದ್ಯದಳವು ಅದನ್ನು ತನ್ನ ಗುರುತಾಗಿ ತೆಗೆದುಕೊಂಡ ಮೇಲೆ ಅದು ಆಸ್ಪತ್ರೆಗಳಲ್ಲಿ ಹಬ್ಬಿತು. ವೈದ್ಯದೇವತೆಯಾದ ಅಸ್ಕ್ಲೀಪಿಯಸನ ಕೋಲಿಗೆ ಹಾವು ಒಂದೇ, ರೆಕ್ಕೆಯಿಲ್ಲ. ಅಗ್ಗವೆಂದು ಕೊಳ್ಳುವವರು ಏನನ್ನು ಕೊಳ್ಳುತ್ತಿದ್ದೇವೆಂದು ಒಮ್ಮೆ ನೋಡುವುದು ಒಳ್ಳೆಯದು.

ಮೂರನೆಯದರಲ್ಲಿದ್ದುದು ದೀಪ. ಉದ್ದನೆಯ ಮೂತಿ, ಹಿಂದೆ ಹಿಡಿಕೆ, ಗ್ರೀಕರ ಎಣ್ಣೆಯ ದೀಪದಂತೆ. ನೈಟಿಂಗೇಲಳು ರಾತ್ರಿ ಕೈಯಲ್ಲಿ ಹಿಡಿದು ನಡೆದ ದೀಪವು ಇದಲ್ಲ. ಅವಳದು ಮಡಚಬಹುದಾದ ಬಟ್ಟೆಯೊಳಗೆ ಬತ್ತಿ ಉರಿಯುವ ತುರ್ಕಿಯ ಕಂದೀಲು. ಚಿತ್ರಗಾರರ ಕೈಯಲ್ಲಿ ಅದು ಗ್ರೀಕರ ದೀಪವಾಯಿತು. ಇದನ್ನು ಕೇಳಿದ ಹುಡುಗಿಯರು, ಹೇಗೂ ದೀಪವು ಬದಲಾಗಿರುವುದಾದರೆ ನಮ್ಮ ಮನೆಯ ಹಣತೆಯೇ ಆಗಬಹುದಲ್ಲವೇ ಎಂದರು. ಆಗಬಹುದು. ಹಣತೆಯ ಗೆರೆಗಳು ಕೆಲವೇ ಆದುದರಿಂದ ಅಚ್ಚನ್ನು ಕೊರೆಯುವುದೂ ಸುಲಭ.

ಇನ್ನು ಉಳಿತಾಯವನ್ನು ಎಲ್ಲಿ ಮಾಡಬೇಕು, ಎಲ್ಲಿ ಮಾಡಬಾರದು? ಮೀನಾ ಕೆಲಸದಲ್ಲಿ ಪ್ರತಿಯೊಂದು ಬಣ್ಣವನ್ನೂ ಅದರದರ ಗುಳಿಯಲ್ಲಿ ಬೇರೆಬೇರೆಯಾಗಿ ತುಂಬಬೇಕು. ಬಣ್ಣ ಹೆಚ್ಚಿದಷ್ಟು ಕೂಲಿ ಹೆಚ್ಚು. ನಾಲ್ಕು ಬಣ್ಣಗಳ ಕಡೆಗೆ ಹೋಗದೆ ಒಂದೇ ನೀಲಿ ಸಾಕು. ಮಖಮಲ್ಲಿನ ಪೆಟ್ಟಿಗೆಯ ಬೆಲೆಯು ಬಿಲ್ಲೆಯ ಬೆಲೆಯ ಅರ್ಧದಷ್ಟಿದ್ದಿತು. ಕಾಗದದ ಲಕೋಟೆಯೂ ಅದೇ ಕೆಲಸವನ್ನು ಮಾಡೀತು. ಆದರೆ ಹಿಂದಣ ಸೂಜಿ ಮತ್ತು ಕೊಕ್ಕೆಯಲ್ಲಿ ಕಾಸು ಉಳಿಸಬಾರದು. ಕೊಕ್ಕೆ ಸಡಿಲವಾದ ಬಿಲ್ಲೆಯು ರೋಗಿಯ ಹಾಸಿಗೆಯಲ್ಲಿ ಬಿದ್ದರೆ ಸೂಜಿಯು ಮೇಲ್ಮುಖವಾಗಿ ನಿಲ್ಲುವುದು. ಅಂಚುಗಳು ದುಂಡಗಿರಬೇಕು, ಮಗುವನ್ನು ಎತ್ತಿಕೊಂಡರೆ ಕೆನ್ನೆಗೆ ಗೀರಬಾರದು. ನಿಕ್ಕಲ್ ತಗುಲಿದರೆ ಕೆಲವರ ಚರ್ಮಕ್ಕೆ ತುರಿಕೆಯಾಗುವುದರಿಂದ, ಲೇಪದಲ್ಲಿ ಏನಿದೆಯೆಂದು ವಿಚಾರಿಸಿಕೊಳ್ಳಬೇಕು. ಕಣ್ಣಿಗೆ ಕಾಣುವ ಭಾಗದಲ್ಲಿ ಮಿತವ್ಯಯ, ಕಾಣದ ಭಾಗದಲ್ಲಿ ಜಾಗ್ರತೆ: ಶುಶ್ರೂಷೆಯನ್ನು ಕಲಿತವರಿಗೆ ಈ ಮಾತನ್ನು ನಾವು ಹೇಳಬೇಕಾಗಿರಲಿಲ್ಲ.

ಇಷ್ಟಾದರೂ ನಲವತ್ತನೆಯವಳ ಪ್ರಶ್ನೆಯು ಉಳಿದೇ ಇದ್ದಿತು. 110ರ ಬದಲು 77 ಎಂದರೂ, ಇಲ್ಲದವರಿಗೆ ಅದು ಇಲ್ಲದ ಹಣವೇ. ಅವಳೊಬ್ಬಳ ಬಿಲ್ಲೆಗೆ ನಾವೇ ಹಣ ಕೊಡಬಹುದಾಗಿತ್ತು. ಆದರೆ ಉಳಿದವರು ಸ್ವಂತ ದುಡಿಮೆಯ ಗುರುತನ್ನು ಧರಿಸಿ ನಿಂತಿರುವಾಗ ಅವಳೊಬ್ಬಳು ದಾನವನ್ನು ಧರಿಸಿ ನಿಲ್ಲಬೇಕೇ? ತಲೆಗೆ ಇಷ್ಟೆಂಬ ಲೆಕ್ಕವನ್ನೇ ಬಿಡಿ ಎಂದು ಪ್ರತಿನಿಧಿಗೆ ಸೂಚಿಸಿದೆವು. ತರಗತಿಯಲ್ಲಿ ಬೀಗ ಹಾಕಿದ ಒಂದು ಡಬ್ಬಿಯನ್ನಿಡುವುದು. ವರ್ಷದ ಕೊನೆಯವರೆಗೆ ಅವರವರಿಗೆ ಆದಾಗ ಆದಷ್ಟನ್ನು ಅದರಲ್ಲಿ ಹಾಕುವುದು. ಯಾರು ಎಷ್ಟು ಹಾಕಿದರೆಂದು ಬರೆಯದೆ ಇರುವುದು. ಕೊನೆಗೆ ಡಬ್ಬಿಯಲ್ಲಿರುವಷ್ಟು ಹಣಕ್ಕೆ ನಲವತ್ತು ಬಿಲ್ಲೆಗಳು ಹೇಗೆ ಬರುವುವೋ ಹಾಗೆ ಬಿಲ್ಲೆಯನ್ನು ಆರಿಸುವುದು. ದೇವಸ್ಥಾನದ ಹುಂಡಿಯಲ್ಲಿ ನಮ್ಮವರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಕ್ರಮವೇ ಇದು.

ಅವರು ಹಾಗೆಯೇ ಮಾಡಿದರು. ಕೆಳಗಿನ ತರಗತಿಯವರು ಅಚ್ಚಿನ ಪಾಲಿಗೆ ಸೇರಲು ಒಪ್ಪಿದರು. ಡಬ್ಬಿಯನ್ನು ಒಡೆದಾಗ ಹಣವು ಎಣಿಸಿದುದಕ್ಕಿಂತ ತುಸು ಕಡಿಮೆಯಾಗಿಯೇ ಇದ್ದಿತಂತೆ. ಮಖಮಲ್ಲಿನ ಪೆಟ್ಟಿಗೆಯನ್ನು ಬಿಟ್ಟುದರಿಂದ ಸರಿಹೋಯಿತು. ಹಣತೆಯ ಬಿಲ್ಲೆಯನ್ನು ಧರಿಸಿ ನಲವತ್ತು ಮಂದಿಯೂ ವೇದಿಕೆಯನ್ನೇರಿದರೆಂದು ಪ್ರತಿನಿಧಿಯು ಫೋನಿನಲ್ಲಿ ತಿಳಿಸಿದಳು. ಊರಿನ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲವಂತೆ.

ನಮ್ಮ ವೃತ್ತಿಯವರಿಗೆ ಇದರಲ್ಲಿ ಯೋಚಿಸತಕ್ಕ ಅಂಶವೊಂದಿದೆ. ನಮ್ಮ ಶಾಲೆಗಳಲ್ಲಿಯೂ ಎಲ್ಲರಿಗಾಗಿ ಎಂದು ಎಷ್ಟೋ ವಸ್ತುಗಳಿಗೆ ಬೆಲೆ ಗೊತ್ತುಮಾಡುವೆವು. ಪ್ರವಾಸದ ವಂತಿಗೆ, ತರಗತಿಯ ಭಾವಚಿತ್ರ, ವಾರ್ಷಿಕೋತ್ಸವದ ನೃತ್ಯಕ್ಕೆ ಬಣ್ಣದ ಉಡುಪು, ಏಳನೆಯ ತರಗತಿಯ ಬೀಳ್ಕೊಡುಗೆ. ಮೊತ್ತವು ಹೆಚ್ಚಾಯಿತೇ ಎಂದು ತರಗತಿಯಲ್ಲಿ ಕೇಳಿದರೆ ಹೆಚ್ಚೆಂದು ಯಾರೂ ಕೈಯೆತ್ತುವುದಿಲ್ಲ. ಹೆಚ್ಚಾದವರು ಬೇರೊಂದು ಭಾಷೆಯಲ್ಲಿ ಉತ್ತರ ಕೊಡುವರು. ಒಬ್ಬನಿಗೆ ಆ ದಿನ ಜ್ವರ, ಒಬ್ಬಳಿಗೆ ಅಜ್ಜಿಯ ಮನೆ, ಇನ್ನೊಬ್ಬನಿಗೆ ಬಸ್ಸಿನ ಪ್ರಯಾಣವೇ ಆಗುವುದಿಲ್ಲ. ಹಾಜರಿಯ ಪುಸ್ತಕವನ್ನು ಬರೆಯುವ ನಾವು ಆ ಭಾಷೆಯನ್ನು ಓದಲು ಕಲಿತಿರಬೇಕು. ದರವನ್ನು ಗೊತ್ತುಮಾಡುವ ಮೊದಲೇ ಅದನ್ನು ಓದಿದರೆ, ಜ್ವರವೂ ಬಾರದು, ಅಜ್ಜಿಯೂ ಕರೆಯಳು. ಮಕ್ಕಳೆಲ್ಲರೂ ಬಸ್ಸು ಹತ್ತುವರು.